ಬಂಡವಾಳಶಾಹಿ, ಸಮಾಜವಾದ, ಪ್ರಜಾಪ್ರಭುತ್ವ: ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದಾ?

ಪ್ರಶ್ನೆ ಕೇಳಿದವರು: ಹಾಸನದ ಬಿಎ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬಿಎ ಎರಡನೇ ವರ್ಷ ಓದುತ್ತಿದ್ದೇನೆ. ಮುಂದಿನ ವಾರ ರಾಜ್ಯಶಾಸ್ತ್ರದ ಸೆಮಿನಾರ್ ಇದೆ. ನನಗೆ ಬಂದಿರುವ ವಿಷಯ: "ಬಂಡವಾಳಶಾಹಿ, ಸಮಾಜವಾದ, ಪ್ರಜಾಪ್ರಭುತ್ವ, ಇವುಗಳಲ್ಲಿ ಯಾವುದು ಉತ್ತಮ?"

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದುಕೊಂಡು ಕೂತೆ. ಮೊದಲನೆಯದರ ಕೆಳಗೆ ಅಮೆರಿಕ ಬರೆದೆ. ಎರಡನೆಯದರ ಕೆಳಗೆ ಹಳೆಯ ಸೋವಿಯತ್ ರಷ್ಯಾ. ಮೂರನೆಯದರ ಕೆಳಗೆ ಭಾರತ. ಅಲ್ಲಿಗೆ ಗೊಂದಲ ಶುರುವಾಯಿತು. ಅಮೆರಿಕದಲ್ಲೂ ಚುನಾವಣೆ ನಡೆಯುತ್ತದೆ ಅಲ್ವಾ? ನಮ್ಮ ಸಂವಿಧಾನದ ಪೀಠಿಕೆಯಲ್ಲಿ "ಸಮಾಜವಾದಿ" ಎಂಬ ಪದವೂ ಇದೆ, "ಪ್ರಜಾಸತ್ತಾತ್ಮಕ" ಎಂಬ ಪದವೂ ಇದೆ. ಆದರೆ ನಮ್ಮ ಬೀದಿಯ ಅಂಗಡಿ, ಶಾಲೆ, ನರ್ಸಿಂಗ್ ಹೋಮ್ ಎಲ್ಲವೂ ಖಾಸಗಿಯವರದು. ಚೀನಾವನ್ನು ಯಾವ ಕಾಲಂನಲ್ಲಿ ಹಾಕಬೇಕು?

ಮನೆಯಲ್ಲಿ ಕೇಳಿದೆ. "ಎಲ್ಲ ಸರ್ಕಾರದ ಕೈಯಲ್ಲಿದ್ದಾಗಲೇ ಚೆನ್ನಾಗಿತ್ತು" ಎಂದರು ತಾತ. "ಒಂದು ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಿದ್ದದ್ದು ಮರೆತುಹೋಯಿತಾ?" ಎಂದರು ಅಪ್ಪ. ಸಾರು ತಣ್ಣಗಾಗುವವರೆಗೂ ಇಬ್ಬರೂ ಬಿಡಲಿಲ್ಲ.

ಪುಸ್ತಕದ ವ್ಯಾಖ್ಯೆಗಳು ನನ್ನ ಹತ್ತಿರ ಇವೆ. ಬದುಕಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.


ಉತ್ತರ 1: ತೋಟದ ಮನೆ, ಚಿಕ್ಕಮಗಳೂರು

ನೋಡಮ್ಮ, ನನಗೆ 58 ವರ್ಷ. ಆಲ್ದೂರಿನ ಹತ್ತಿರ 11 ಎಕರೆ ಕಾಫಿ ತೋಟ ಇದೆ. ರಾಜ್ಯಶಾಸ್ತ್ರ ಓದಿದವನಲ್ಲ. ಆದರೆ ಒಂದೇ ಕಣದಲ್ಲಿ ಒಣಗಿದ ಕಾಫಿಯನ್ನು ಎರಡು ಬೇರೆ ಬೇರೆ ವ್ಯವಸ್ಥೆಯಲ್ಲಿ ಮಾರಿದ್ದೇನೆ. ನನಗೆ ಗೊತ್ತಿರುವುದು ಅದೇ, ಅದನ್ನೇ ಹೇಳುತ್ತೇನೆ.

ಮೊದಲು ನಿನ್ನ ಕಾಲಂ ವಿಷಯ. ತೋಟ ಯಾರದು, ಬೆಲೆ ಕಟ್ಟುವವರು ಯಾರು, ಲಾಭ ಯಾರ ಮನೆಗೆ ಹೋಗುತ್ತದೆ? ಬಂಡವಾಳಶಾಹಿ ಮತ್ತು ಸಮಾಜವಾದ ಜಗಳವಾಡುವುದು ಈ ಪ್ರಶ್ನೆಗಳ ಮೇಲೆ. ಪ್ರಜಾಪ್ರಭುತ್ವದ ಪ್ರಶ್ನೆಯೇ ಬೇರೆ. ಆಳುವವರನ್ನು ಕೂರಿಸುವವರು ಯಾರು, ಅವರು ತಪ್ಪಿದರೆ ಇಳಿಸುವುದು ಹೇಗೆ ಅನ್ನುವುದು. ಮೂರನ್ನೂ ಸಾಲಾಗಿ ನಿಲ್ಲಿಸಿ ಯಾವುದು ಉತ್ತಮ ಎಂದರೆ, ಹಸು ಒಳ್ಳೆಯದಾ ಎಮ್ಮೆ ಒಳ್ಳೆಯದಾ ಬೇಲಿ ಒಳ್ಳೆಯದಾ ಎಂದು ಕೇಳಿದ ಹಾಗೆ. ನಿನ್ನ ಪೀಠಿಕೆಯ ಮಾತನ್ನೇ ತಗೋ. "ಸಮಾಜವಾದಿ" ಎಂಬ ಪದ ಅದರೊಳಗೆ ಬಂದದ್ದು 1976ರಲ್ಲಿ, 42ನೇ ತಿದ್ದುಪಡಿಯಿಂದ. ಅದು ತುರ್ತು ಪರಿಸ್ಥಿತಿಯ ಕಾಲ. ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದರು. ಎರಡೂ ಪದ ಒಂದೇ ಸಾಲಿನಲ್ಲಿ ಕೂತಿವೆ ನಿಜ. ಒಂದು ಒಳಗೆ ಬಂದಾಗ ಇನ್ನೊಂದು ಉಸಿರುಗಟ್ಟಿಕೊಂಡಿತ್ತು.

ಈಗ ಕಾಫಿಗೆ ಬರುತ್ತೇನೆ. ನಮ್ಮ ಅಪ್ಪನ ಕಾಲದಲ್ಲಿ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವ ಹಾಗಿರಲಿಲ್ಲ. ಮನೆಬಳಕೆಗೆ, ಬಿತ್ತನೆಗೆ ಇಟ್ಟುಕೊಂಡು ಉಳಿದದ್ದೆಲ್ಲ ಪೂಲ್‌ಗೆ ಹೋಗಬೇಕು. ಪೂಲ್ ಅಂದರೆ ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸುವುದು. ಸರ್ಕಾರದ ಕಾಫಿ ಬೋರ್ಡು ಅದನ್ನು ಹರಾಜು ಹಾಕುತ್ತಿತ್ತು. ಯಾವ ದರ್ಜೆಯ ಕಾಫಿಗೆ ಎಷ್ಟು ಪಾಯಿಂಟ್ ಎಂದು ಲೆಕ್ಕ ಇತ್ತು. ಮಾರಾಟವಾದ ಹಾಗೆ ದುಡ್ಡು ಕಂತಿನಲ್ಲಿ ಬರುತ್ತಿತ್ತು. ಸ್ವಂತ ತೋಟದ ಬೀಜವನ್ನು ನೆಂಟರ ಅಂಗಡಿಗೆ ಕೊಟ್ಟು ದುಡ್ಡು ತಗೊಂಡರೂ ಅಪರಾಧ.

ಇದನ್ನು ಕೇಳಿದ ತಕ್ಷಣ ಎಲ್ಲರೂ ಸಮಾಜವಾದ ಅನ್ನುತ್ತಾರೆ. ಆದರೆ ಇದನ್ನು ತಂದವರು ಸಮಾಜವಾದಿಗಳಲ್ಲ. 1942ರ ಕಾಫಿ ಕಾಯಿದೆ ಬ್ರಿಟಿಷ್ ಸರ್ಕಾರದ್ದು. 1930ರ ದಶಕದ ಕುಸಿತದಲ್ಲಿ ಬೆಲೆ ನೆಲ ಕಚ್ಚಿತ್ತು. ಮೇಲಿಂದ ಯುದ್ಧ ಬಂದು ಯುರೋಪಿನ ಮಾರುಕಟ್ಟೆ ಬಾಗಿಲು ಹಾಕಿತು. ತೋಟಗಳು ಮುಳುಗುತ್ತವೆ ಎಂದಾಗ ಸರ್ಕಾರವೇ ಮಾರಾಟ ವಹಿಸಿಕೊಂಡಿತು. ಆ ತೋಟಗಳಲ್ಲಿ ಬಿಳಿಯರ ಎಸ್ಟೇಟುಗಳೂ ಬೇಕಾದಷ್ಟಿದ್ದವು. ಸ್ವಾತಂತ್ರ್ಯ ಬಂದ ಮೇಲೂ ನಾವು ಅದನ್ನೇ ಮುಂದುವರಿಸಿದೆವು. ಹಾಗಾಗಿ ಸರ್ಕಾರದ ಕೈ ಕಂಡಲ್ಲೆಲ್ಲ ಸಮಾಜವಾದ ಎಂದು ಚೀಟಿ ಅಂಟಿಸಬೇಡ.

ಅಪ್ಪನ ಕಬ್ಬಿಣದ ಟ್ರಂಕಿನಲ್ಲಿ ಆ ಕಾಲದ ರಸೀದಿಗಳು ಇನ್ನೂ ಇವೆ. ತೆಳು ಕಾಗದ, ಕಾರ್ಬನ್ನಿನ ನೀಲಿ ಅಕ್ಷರ. ಎಷ್ಟು ಮೂಟೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು), ಎಷ್ಟು ಮೂಟೆ ಚೆರ್ರಿ (ಹಣ್ಣನ್ನು ಹಾಗೇ ಒಣಗಿಸಿದ್ದು) ಎಂದು ಕ್ಯೂರಿಂಗ್ ವರ್ಕ್ಸ್‌ನವರು, ಅಂದರೆ ಒಣ ಕಾಫಿಯ ಹೊಟ್ಟು ತೆಗೆದು ದರ್ಜೆ ಮಾಡುವವರು, ಬರೆದುಕೊಟ್ಟದ್ದು. ಅಂಚಿನಲ್ಲಿ ಅಪ್ಪನ ಪೆನ್ಸಿಲ್ ಬರಹ. "ಮೊದಲ ಕಂತು ಬಂತು." "ಎರಡನೇ ಕಂತು ಬಂತು." ಒಂದರ ಮೇಲೆ "ಕೊನೇ ಕಂತು, ದೊಡ್ಡವಳ ಮದುವೆಗೆ" ಎಂದಿದೆ. ಮದುವೆ ಮುಗಿದ ಮೇಲೆ ಆ ಕಂತು ಬಂತು. ಅಷ್ಟರಲ್ಲಿ ಗಿಡದಲ್ಲಿ ಮುಂದಿನ ಫಸಲು ಕೆಂಪಾಗುತ್ತಿತ್ತು.

ಹಾಗಂತ ಅಪ್ಪ ಪೂಲನ್ನು ಯಾವತ್ತೂ ಬೈಯಲಿಲ್ಲ. ಒಂದು ಕಾರಣ ಇತ್ತು. ನಮ್ಮ ಪಕ್ಕದಲ್ಲಿ ನೂರಾರು ಎಕರೆಯ ಎಸ್ಟೇಟ್ ಇತ್ತು. ಕಾಫಿ ಒಂದೇ ದರ್ಜೆಯದಾದರೆ ಅವರಿಗೂ ನಮಗೂ ಒಂದೇ ಪಾಯಿಂಟ್, ಒಂದೇ ದರ. ಸಣ್ಣವನೆಂದು ಯಾರೂ ಕಡಿಮೆ ಕೊಡುವ ಹಾಗಿಲ್ಲ. ಬೆಲೆಗಾಗಿ ಯಾರ ಜಗಲಿಯಲ್ಲೂ ಕೈಕಟ್ಟಿ ನಿಲ್ಲಬೇಕಾಗಿರಲಿಲ್ಲ. ಈ ಮರ್ಯಾದೆ ಸಣ್ಣದಲ್ಲ.

ಇನ್ನೊಂದು ವಿಷಯ ಗೊತ್ತಾ? ಆಗ ಇಡೀ ಪ್ರಪಂಚದ ಕಾಫಿಯೇ ಹೆಚ್ಚುಕಡಿಮೆ ಹೀಗೆ ನಡೆಯುತ್ತಿತ್ತು. 1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಆಯಿತು. ಯಾವ ದೇಶ ಎಷ್ಟು ರಫ್ತು ಮಾಡಬೇಕು ಎಂದು ಕೋಟಾ ಇತ್ತು. ಬಂಡವಾಳಶಾಹಿಯ ತವರು ಎನ್ನುವ ಅಮೆರಿಕವೂ ಅದಕ್ಕೆ ಸಹಿ ಹಾಕಿತ್ತು. ಬೆಲೆ ಬಿದ್ದರೆ ಲ್ಯಾಟಿನ್ ಅಮೆರಿಕದ ರೈತರು ಕಮ್ಯುನಿಸ್ಟ್ ಕ್ಯೂಬಾದ ದಾರಿ ಹಿಡಿದಾರು ಎಂಬ ಭಯ ಅವರಿಗೆ. 1989ರ ಜುಲೈನಲ್ಲಿ ಆ ಕೋಟಾ ಮುರಿದುಬಿತ್ತು, ಬೆಲೆಯೂ ಬಿತ್ತು. ಎರಡು ವರ್ಷದಲ್ಲಿ ಸೋವಿಯತ್ ಒಕ್ಕೂಟವೂ ಹೋಯಿತು. ರೂಪಾಯಿ ಲೆಕ್ಕದಲ್ಲಿ ನಮ್ಮಿಂದ ಕಾಫಿ ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಅದು. ನಾನಾಗ ಡಿಗ್ರಿ ಮುಗಿಸಿ ತೋಟಕ್ಕೆ ಬಂದಿದ್ದೆ. ಮಾಸ್ಕೋದಲ್ಲಿ ಸರ್ಕಾರ ಬಿದ್ದರೆ ಆಲ್ದೂರಿನ ಕಣದಲ್ಲಿ ಮುಖಗಳು ಬಾಡುತ್ತವೆ ಎಂದು ಕಣ್ಣಾರೆ ಕಂಡೆ.

ಆಮೇಲೆ ಪೂಲನ್ನು ಬಿಚ್ಚುತ್ತಾ ಬಂದರು. 1992ರಲ್ಲಿ ನೂರಕ್ಕೆ 30 ಭಾಗವನ್ನು ದೇಶದೊಳಗೆ ನಾವೇ ಮಾರಬಹುದು ಎಂದಾಯಿತು. 1996ರ ಹೊತ್ತಿಗೆ ಪೂರ್ತಿ ಸ್ವತಂತ್ರ. ನಮ್ಮ ಅದೃಷ್ಟ ನೋಡು, ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಗಿಡಗಳು ಸುಟ್ಟವು. ಬೆಲೆ ಆಕಾಶಕ್ಕೆ ಹೋಯಿತು. ವ್ಯಾಪಾರಿಗಳು ಮನೆ ಬಾಗಿಲಿಗೆ ಬಂದು ಕಣದಲ್ಲೇ ನೋಟು ಎಣಿಸಿದರು. ಅಪ್ಪ ಆ ನೋಟಿನ ಕಟ್ಟನ್ನು ಎರಡು ಸಲ ಎಣಿಸಿ, ಏನೂ ಮಾತಾಡದೆ ದೇವರ ಮುಂದೆ ಇಟ್ಟರು. ಅವರ ಜೀವನದಲ್ಲಿ ಕೊಯ್ಲಿನ ತಿಂಗಳೇ ದುಡ್ಡು ಕೈಗೆ ಬಂದದ್ದು ಅದೇ ಮೊದಲು.

2001-02ರಲ್ಲಿ ಅದೇ ಮಾರುಕಟ್ಟೆ ನಮ್ಮನ್ನು ಕೆಳಗೆ ಹಾಕಿತು. ಹಣ್ಣು ಕುಯ್ಯಿಸಿದ ಕೂಲಿಯೂ ಹುಟ್ಟಲಿಲ್ಲ. ನಾನು ನಂಬಿದ್ದ ಒಬ್ಬ ವ್ಯಾಪಾರಿ 40 ಮೂಟೆ ತಗೊಂಡು ಹೋದವನು ಅರ್ಧ ದುಡ್ಡು ಕೊಡಲೇ ಇಲ್ಲ. ಪೂಲ್ ಇದ್ದಾಗ ದುಡ್ಡು ತಡವಾಗುತ್ತಿತ್ತು, ಮುಳುಗುತ್ತಿರಲಿಲ್ಲ.

ಆ ಸಲ ಬೆಲೆ ಬೀಳಿಸಿದವರು ಯಾರು ಅಂದುಕೊಂಡೆ? ಮುಖ್ಯವಾಗಿ ವಿಯೆಟ್ನಾಂ. ಅಲ್ಲಿ ಆಳುತ್ತಿರುವುದು ಕಮ್ಯುನಿಸ್ಟ್ ಪಕ್ಷ. 1986ರಲ್ಲಿ ಅವರು ದಾರಿ ಬದಲಿಸಿದರು. ಭೂಮಿ ಹೆಸರಿಗೆ ಸರ್ಕಾರದ್ದೇ, ಉಳುವ ಹಕ್ಕು ಮನೆಮನೆಗೆ. ಹತ್ತು ಹದಿನೈದು ವರ್ಷದಲ್ಲಿ, ಒಟ್ಟು ಕಾಫಿಯಲ್ಲಿ ಬ್ರೆಜಿಲ್ ಬಿಟ್ಟರೆ ಅವರೇ ಎನ್ನುವಷ್ಟು ರೋಬಸ್ಟಾ ಜಾತಿಯ ಕಾಫಿ ಬೆಳೆದರು. ರೋಬಸ್ಟಾ ಬೆಲೆ ನಿಗದಿಯಾಗುವುದು ಲಂಡನ್ನಿನ ವಾಯಿದಾ ಮಾರುಕಟ್ಟೆಯಲ್ಲಿ, ಅಂದರೆ ಮುಂದೆ ಕೊಡುವ ಮಾಲಿಗೆ ಈಗಲೇ ದರ ಕಟ್ಟುವ ಕಡೆ. ಈಗ ವಿಯೆಟ್ನಾಂ ಯಾವ ಕಾಲಂ? ಅಲ್ಲಿ ಮಾರುಕಟ್ಟೆ ಇದೆ. ಪಕ್ಷವನ್ನು ಓಟು ಹಾಕಿ ಇಳಿಸುವ ದಾರಿ ಇಲ್ಲ. ಚೀನಾದ ಬಗ್ಗೆ ಕೇಳಿದೆಯಲ್ಲ, ಅದೂ ಹೆಚ್ಚುಕಡಿಮೆ ಹೀಗೆಯೇ.

ನನ್ನ ಮಟ್ಟಿಗೆ ಪ್ರಜಾಪ್ರಭುತ್ವ ಎಲ್ಲಿ ಕಂಡಿತು ಅಂದರೆ, ಪೂಲ್ ಹೋದ ರೀತಿಯಲ್ಲಿ. ಪೂಲ್ ಬಂದಾಗ ನಮ್ಮ ಅಜ್ಜನನ್ನು ಯಾರೂ ಕೇಳಿರಲಿಲ್ಲ. ಹೋಗುವಾಗ ವರ್ಷಗಟ್ಟಲೆ ವಾದ ನಡೆಯಿತು. ಊರೂರಲ್ಲಿ ಬೆಳೆಗಾರರ ಸಭೆ. ಬೇಕು ಎನ್ನುವವರು, ಬೇಡ ಎನ್ನುವವರು. ಒಂದು ಸಭೆಯಲ್ಲಿ ನಾನು "ಬೇಡ" ಎಂದು ಕೈ ಎತ್ತಿದೆ, ಪಕ್ಕದಲ್ಲಿ ಕೂತಿದ್ದ ಅಪ್ಪ "ಇರಲಿ" ಎಂದು ಎತ್ತಿದರು. ಒಂದೇ ಜೀಪಿನಲ್ಲಿ ಮನೆಗೆ ಬಂದೆವು. ಯಾರನ್ನೂ ಪೊಲೀಸರು ಹುಡುಕಿಕೊಂಡು ಬರಲಿಲ್ಲ.

ಸೆಮಿನಾರ್‌ನಲ್ಲಿ ಯಾವುದು ಉತ್ತಮ ಎನ್ನುವ ಬದಲು ಒಂದು ವಸ್ತು ಹಿಡಿದುಕೋ. ಹಾಲು, ಕಾಫಿ, ರಾಗಿ, ಏನಾದರೂ ಸರಿ. ಅದರ ಹಿಂದೆ ಹೋಗು.


ಉತ್ತರ 2: ಲೈನ್ ಮನೆ ಮೊಮ್ಮಗ

ತೋಟದ ಮನೆ ಸರ್ ಬರೆದದ್ದು ಓದಿದೆ. ಪ್ರಾಮಾಣಿಕವಾಗಿ ಬರೆದಿದ್ದಾರೆ. ಅದೇ ಕಾಫಿಯನ್ನು ಗಿಡದಿಂದ ಬಿಡಿಸಿದವರ ಮನೆಯವನು ನಾನು. ನಮ್ಮ ಕಡೆಯದನ್ನೂ ಸೇರಿಸುತ್ತೇನೆ.

ನನ್ನ ಅಜ್ಜಿ ಮೂಡಿಗೆರೆ ಕಡೆಯ ಒಂದು ಎಸ್ಟೇಟಿನಲ್ಲಿ ಮೂವತ್ತು ವರ್ಷ ಹಣ್ಣು ಕುಯ್ದರು. ಲೈನ್ ಮನೆಯಲ್ಲಿ, ಅಂದರೆ ಕೂಲಿಯವರಿಗೆಂದು ಎಸ್ಟೇಟಿನಲ್ಲಿ ಸಾಲಾಗಿ ಕಟ್ಟಿದ ಮನೆಯಲ್ಲಿ, ವಾಸ. ಒಂದು ಕೋಣೆ, ಅದರಲ್ಲೇ ಒಲೆ. ಸಂಜೆ ತೂಕದ ಹೊತ್ತಿಗೆ ಸಾಲಾಗಿ ನಿಲ್ಲಬೇಕು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪುಸ್ತಕ ಹಿಡಿದು ಕೂತಿರುತ್ತಾನೆ. ತಕ್ಕಡಿಯ ಮುಳ್ಳು ನಿಲ್ಲುವ ಮೊದಲೇ ಚೀಲ ಇಳಿಸುತ್ತಿದ್ದರು. ಎಲೆ, ಕಡ್ಡಿ ಇದೆ ಎಂದು ಒಂದು ಕಿಲೋ ಕಳೆಯುತ್ತಿದ್ದರು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಕಡ್ಡಿ ಒಂದೂ ಇರದ ಹಾಗೆ ಹಣ್ಣು ಆರಿಸಿ ತಂದ ದಿನವೂ ಒಂದು ಕಿಲೋ ಹೋಗುತ್ತಿತ್ತು. ಪೂಲ್ ಇದ್ದಾಗಲೂ ಹೋಗುತ್ತಿತ್ತು, ಪೂಲ್ ಹೋದ ಮೇಲೂ ಹೋಯಿತು.

ದೇವರಾಜ ಅರಸು ಅವರ ಕಾಲದಲ್ಲಿ, ಭೂಸುಧಾರಣಾ ಕಾಯಿದೆಗೆ 1974ರ ತಿದ್ದುಪಡಿ ಬಂದಾಗ, ಉಳುವವನೇ ಹೊಲದೊಡೆಯ ಎಂದು ಲಕ್ಷಾಂತರ ಗೇಣಿದಾರರಿಗೆ ಭೂಮಿ ಬಂತು. ಅದು ದೊಡ್ಡ ಕೆಲಸ, ಅನುಮಾನವೇ ಇಲ್ಲ. ಆದರೆ ಕಾಫಿ ತೋಟಗಳಿಗೆ ಆ ಕಾಯಿದೆಯ ಭೂಮಿತಿಯಿಂದ ವಿನಾಯಿತಿ ಇತ್ತು. ಗೇಣಿದಾರ ಎಂದು ಅರ್ಜಿ ಹಾಕಲು ಕೂಲಿಯವರಿಗೆ ಗೇಣಿ ಚೀಟಿ ಎಲ್ಲಿಂದ ಬರಬೇಕು? ಗದ್ದೆಗೆ ಬಂದ ಸಮಾಜವಾದ ಎಸ್ಟೇಟಿನ ಗೇಟಿನ ಹೊರಗೇ ನಿಂತಿತು. 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ ಮನೆ, ಆಸ್ಪತ್ರೆ, ಶಿಶುವಿಹಾರ ಎಲ್ಲ ಬರೆದಿತ್ತು. ನಮ್ಮ ಲೈನ್‌ಗೆ ಬಂದದ್ದು ಹೊಸ ಶೀಟು ಮಾತ್ರ.

ಹಾಗಾದರೆ ನಮಗೆ ಸಿಕ್ಕಿದ್ದೇನು? ಓಟು. 1978ರಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಗೆ ಇಂದಿರಾ ಗಾಂಧಿ ನಿಂತರು. ಎದುರಿಗೆ ವೀರೇಂದ್ರ ಪಾಟೀಲರು. ಲೈನ್ ಮನೆಯ ಮುಂದೆ ಮೊದಲ ಸಲ ಕಾರು ಬಂದು ನಿಂತದ್ದು ಆವಾಗ. ಅಲ್ಲಿಯವರೆಗೆ ಅಜ್ಜಿಯನ್ನು "ಏಯ್" ಎಂದು ಕರೆಯುತ್ತಿದ್ದವರು "ಅಮ್ಮಾ, ಓಟು ಹಾಕಿ" ಎಂದರಂತೆ. ಅಜ್ಜಿ ಸಾಯುವವರೆಗೂ ಅದನ್ನು ಹೇಳುತ್ತಿದ್ದರು. ಯಾರಿಗೆ ಹಾಕಿದೆ ಎಂದು ಮಾತ್ರ ಹೇಳಲಿಲ್ಲ. "ಅದು ನಂದು" ಎನ್ನುತ್ತಿದ್ದರು.

1990ರ ದಶಕದಲ್ಲಿ ಆಶ್ರಯ ಯೋಜನೆಯಲ್ಲಿ ನಮಗೆ ನಿವೇಶನ ಬಂತು. ಎಸ್ಟೇಟಿನ ಗಡಿಯ ಹೊರಗೆ ನಮ್ಮದೇ ಹೆಸರಿನ ಬಾಗಿಲು. ಕೆಲಸ ಬಿಟ್ಟರೆ ಮನೆಯೂ ಹೋಗುತ್ತದೆ ಎಂಬ ಹೆದರಿಕೆ ಆವತ್ತಿಗೆ ಮುಗಿಯಿತು. ಅಪ್ಪ ಮೇಸ್ತ್ರಿಗೆ ಎದುರು ಮಾತಾಡಿದ್ದೂ ಆಮೇಲೆಯೇ. ಅದಕ್ಕೇ ಹೇಳುತ್ತೇನೆ, ತಂಗಿ: ಬೆಲೆ ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆಯ ಪಕ್ಕದಲ್ಲಿ ತೂಕ ಯಾರು ಬರೆಯುತ್ತಾರೆ ಎಂಬುದನ್ನೂ ಬರೆದುಕೋ.


ಉತ್ತರ 3: ಲೈಪ್‌ಜಿಗ್‌ನಲ್ಲಿರುವ ಮೈಸೂರಿನವಳು

ಕಾಫಿಯ ಮಾತು ಬಂತಲ್ಲ, ನಾನೂ ಒಂದು ಸೇರಿಸುತ್ತೇನೆ. ಲೈಪ್‌ಜಿಗ್ ಹಿಂದೆ ಕಮ್ಯುನಿಸ್ಟರು ಆಳುತ್ತಿದ್ದ ಪೂರ್ವ ಜರ್ಮನಿಯಲ್ಲಿತ್ತು. ಆ ದೇಶದ ಅಧಿಕೃತ ಹೆಸರಿನಲ್ಲೇ "ಪ್ರಜಾಸತ್ತಾತ್ಮಕ" ಎಂದಿತ್ತು. ಚುನಾವಣೆಯೂ ನಡೆಯುತ್ತಿತ್ತು. ಆದರೆ ಮೊದಲೇ ಸಿದ್ಧವಾದ ಒಂದೇ ಪಟ್ಟಿ. ಒಪ್ಪಿದೆ ಎಂದು ಮಡಚಿ ಪೆಟ್ಟಿಗೆಗೆ ಹಾಕುವುದು, ಅಷ್ಟೇ.

ನಮ್ಮ ಮಹಡಿಯ ಕೆಳಗೆ 70 ದಾಟಿದ ಒಬ್ಬ ಅಜ್ಜಿ ಇದ್ದಾರೆ. ಭಾನುವಾರ ಅವರ ಜೊತೆ ಕಾಫಿ ಕುಡಿಯುತ್ತೇನೆ. ಮನೆಬಾಡಿಗೆ ಆಗ ಎಷ್ಟು ಕಡಿಮೆ ಇತ್ತು, ಮಗುವನ್ನು ಶಿಶುವಿಹಾರದಲ್ಲಿ ಬಿಟ್ಟು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗುತ್ತಿದ್ದೆ ಎಂದು ಈಗಲೂ ನೆನೆಸಿಕೊಳ್ಳುತ್ತಾರೆ. ಅದು ಸುಳ್ಳಲ್ಲ. ಅದೇ ಬಾಯಲ್ಲಿ 1977ರ ಕಾಫಿಯ ಕಥೆಯನ್ನೂ ಹೇಳುತ್ತಾರೆ.

1975ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿತು. ಕಾಫಿ ಕೊಳ್ಳಲು ಬೇಕಾದ ಡಾಲರ್ ಸರ್ಕಾರದ ಹತ್ತಿರ ಇರಲಿಲ್ಲ. ಆಗ ಅಂಗಡಿಗೆ ಬಂದದ್ದು "ಕಾಫಿ ಮಿಕ್ಸ್". ಅದರಲ್ಲಿ ನೂರಕ್ಕೆ 51 ಭಾಗ ಕಾಫಿ. ಉಳಿದದ್ದು ರೈ ಧಾನ್ಯ, ಚಿಕೋರಿ ಮುಂತಾದ ಪುಡಿ. ಕಾಫಿ ಯಂತ್ರಗಳೇ ಕಟ್ಟಿಕೊಂಡವು. ಚಿಕೋರಿ ಬೆರೆಸಿದ ಫಿಲ್ಟರ್ ಕಾಫಿ ನಮಗೆ ಇಷ್ಟ, ನಾವೇ ಕೇಳಿ ಬೆರೆಸಿಕೊಳ್ಳುತ್ತೇವೆ. ಅವರನ್ನು ಯಾರೂ ಕೇಳಿರಲಿಲ್ಲ. ಜನ ಸರ್ಕಾರಕ್ಕೆ ದೂರಿನ ಪತ್ರ ಬರೆದರು, ಸಾವಿರಾರು ಪತ್ರ. ಓಟು ಕೆಲಸ ಮಾಡದ ಕಡೆ ಪತ್ರವಾದರೂ ಬೇಕಿತ್ತು. ಮುಂದಿನ ವರ್ಷ ಆ ಮಿಕ್ಸ್ ನಿಂತಿತು.

ಆಮೇಲೆ 1980ರಲ್ಲಿ ಪೂರ್ವ ಜರ್ಮನಿ ವಿಯೆಟ್ನಾಂ ಜೊತೆ ಒಪ್ಪಂದ ಮಾಡಿಕೊಂಡಿತು. ಡಾಕ್ ಲಾಕ್ ಎಂಬ ಗುಡ್ಡಗಾಡು ಪ್ರಾಂತ್ಯದಲ್ಲಿ ತೋಟ ಹಾಕಲು ಯಂತ್ರ, ಟ್ರಕ್ಕು, ತಿಳಿದವರು ಎಲ್ಲ ಇಲ್ಲಿಂದ ಹೋದವು. ಬದಲಿಗೆ ಬೆಳೆಯ ಅರ್ಧ ಇವರಿಗೆ. ಗಿಡ ಚೆನ್ನಾಗಿ ಫಸಲಿಗೆ ಬರುವ ಹೊತ್ತಿಗೆ ಬರ್ಲಿನ್ ಗೋಡೆ ಬಿತ್ತು, 1990ರ ಅಕ್ಟೋಬರ್‌ನಲ್ಲಿ ದೇಶವೇ ಇರಲಿಲ್ಲ. ತೋಟಗಳು ಉಳಿದವು. ಆಲ್ದೂರಿನ ಸರ್, 2001ರಲ್ಲಿ ನಿಮ್ಮ ಬೆಲೆ ಬೀಳಿಸಿದ ರೋಬಸ್ಟಾದಲ್ಲಿ ಈ ಅಜ್ಜಿಗೆಂದು ನೆಟ್ಟ ಗಿಡಗಳದೂ ಸ್ವಲ್ಪ ಇದ್ದಿರಬಹುದು.

ಈಗಿನ ಜರ್ಮನಿ ಬಂಡವಾಳಶಾಹಿ ದೇಶವೇ. ಆದರೂ ನಾನು ಕೆಲಸ ಮಾಡುವ ಕಂಪನಿಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ನೌಕರರ ಮಂಡಳಿಗೆ ಚುನಾವಣೆ ನಡೆಯುತ್ತದೆ. ನನಗೂ ಓಟಿದೆ. ಶಿಫ್ಟ್ ಸಮಯ ಬದಲಿಸಬೇಕಾದರೆ ಮಾಲೀಕರು ಆ ಮಂಡಳಿಯನ್ನು ಒಪ್ಪಿಸಬೇಕು. 2000ಕ್ಕಿಂತ ಜಾಸ್ತಿ ಜನ ಇರುವ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಜಾಗ ನೌಕರರದು, 1976ರ ಕಾನೂನು. ಓಟಿನ ಪೆಟ್ಟಿಗೆ ಕಾರ್ಖಾನೆಯ ಒಳಗೂ ಹೋಗಬಹುದು ಅನ್ನುವುದು ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು.


ಪ್ರಶ್ನೆ ಕೇಳಿದವರು: ಹಾಸನದ ಬಿಎ ಹುಡುಗಿ

ಎಲ್ಲರಿಗೂ ತುಂಬಾ ಧನ್ಯವಾದ. ಮೂರು ಕಾಲಂ ಅಳಿಸಿದೆ. ಈಗ ಹಾಳೆಯ ಮೇಲ್ಗಡೆ "ಕಾಫಿ" ಎಂದು ಬರೆದಿದ್ದೇನೆ. ಒಂದೇ ಒಂದು ಪ್ರಶ್ನೆ: ಸರ್ಕಾರವೂ ಅಲ್ಲದೆ, ಮಾಲೀಕರೂ ಅಲ್ಲದೆ, ಕೆಲಸ ಮಾಡುವವರೇ ನಡೆಸುವಂಥದ್ದು ನಮ್ಮಲ್ಲಿ ಏನಾದರೂ ಇದೆಯಾ?


ಉತ್ತರ: ತೋಟದ ಮನೆ, ಚಿಕ್ಕಮಗಳೂರು

ಇದೆಯಮ್ಮ, ಕಾಫಿಯಲ್ಲೇ ಇದೆ. ಇಂಡಿಯಾ ಕಾಫಿ ಹೌಸ್‌ಗಳನ್ನು ಮೊದಲು ನಡೆಸುತ್ತಿದ್ದದ್ದು ಕಾಫಿ ಬೋರ್ಡು. 1957ರ ಸುಮಾರಿಗೆ ಅವುಗಳನ್ನು ಮುಚ್ಚಲು ಹೊರಟರು, ಕೆಲಸಗಾರರನ್ನು ತೆಗೆದರು. ಆಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಮುಂದೆ ನಿಂತು, ಕೆಲಸಗಾರರೇ ಸಹಕಾರ ಸಂಘ ಕಟ್ಟಿ ನಡೆಸಿ ಎಂದರು. ಬೆಂಗಳೂರಿನ ಸಂಘ ಶುರುವಾದದ್ದು ಅದೇ ವರ್ಷ. ಎಂ.ಜಿ. ರಸ್ತೆಯಲ್ಲಿದ್ದ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟ್‌ಗೆ ಹೋಯಿತು. ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದೇ ಓಟು. ಬೀದಿಯಲ್ಲಿ ಮಾತ್ರ ಬೇರೆ ಎಲ್ಲ ಹೋಟೆಲುಗಳ ಜೊತೆ ಪೈಪೋಟಿ ಮಾಡಿಯೇ ಬದುಕಬೇಕು. ಬೆಂಗಳೂರಿಗೆ ಹೋದರೆ ಅಲ್ಲಿ ಕೂತು ಒಂದು ಕಪ್ ಕುಡಿದು ಬಾ.

ಲೈನ್ ಮನೆಯ ತಮ್ಮನಿಗೂ ಒಂದು ಮಾತು ಹೇಳಬೇಕು. ನಿನ್ನ ಅಜ್ಜಿಯ ತೂಕದ ವಿಷಯ ಓದಿದ ಮೇಲೆ ರಾತ್ರಿ ಎದ್ದು ನಮ್ಮ ಲೆಕ್ಕದ ಪುಸ್ತಕ ತೆಗೆದೆ. 2024ರಲ್ಲಿ ರೋಬಸ್ಟಾ ಚೆರ್ರಿ 50 ಕೆಜಿ ಮೂಟೆಗೆ 10 ಸಾವಿರ ದಾಟಿತು. ಅದಕ್ಕೆ ಹಿಂದಿನ ಕೆಲವು ವರ್ಷಗಳಿಗಿಂತ ಎರಡು ಪಟ್ಟಿಗೂ ಜಾಸ್ತಿ. ಅದೇ ಪುಟದಲ್ಲಿ ಕೊಯ್ಲಿನ ಕೂಲಿ ನೋಡಿದೆ. ಕೆಜಿಗೆ ಒಂದು ರೂಪಾಯಿ ಏರಿಸಿದ್ದೇನೆ. ಬೆಲೆ ಬಿದ್ದಾಗ ನಷ್ಟವನ್ನು ಕೆಲಸದವರ ಜೊತೆ ಹಂಚಿಕೊಂಡಿದ್ದೆ, ಕೆಲಸದ ದಿನ ಕಡಿಮೆ ಮಾಡಿದ್ದೆ. ಏರಿದಾಗ ಹಂಚಿಕೊಂಡಿಲ್ಲ. ತೂಕದ ಹೊತ್ತಿಗೆ ಕಳೆಯುವ ಅರ್ಧ ಕಿಲೋ ನಮ್ಮಲ್ಲೂ ಇದೆ. ನಾನು ಅದನ್ನು ಯಾವತ್ತೂ ಕೇಳಿರಲಿಲ್ಲ.

ಈ ಸಲ ಕೊಯ್ಲು ಶುರುವಾಗುವ ಮೊದಲು ಎಲ್ಲರನ್ನೂ ಕಣದಲ್ಲಿ ಕೂರಿಸಿ ದರ ಮಾತಾಡುತ್ತೇನೆ. ತೂಕ ಬರೆಯಲು ಅವರೇ ಒಬ್ಬರನ್ನು ಆರಿಸಲಿ ಎಂದು ನಿನ್ನೆ ಮೇಸ್ತ್ರಿಗೆ ಹೇಳಿದ್ದೇನೆ.